ಯುಟಿಸಿಯೋ, ಟಾಫ್ಟಿಯೋ?

ಕೆಲಸ ಬಿಟ್ಟು ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜು (ಯುಟಿಸಿ) ಸೇರಬೇಕಾ, ದೂರಶಿಕ್ಷಣ ಸಂಸ್ಥೆಯಾದ ಟಾಫ್ಟಿ ಮೂಲಕ ಮನೆಯಿಂದಲೇ ದೈವಶಾಸ್ತ್ರ ಓದಬೇಕಾ ಎಂದು ಕೇಳಿದ್ದೀರಿ.

ಮೊದಲು ಗುರಿ ನೋಡಿ. ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭಾಪಾಲಕರಾಗಲು ಸಾಮಾನ್ಯವಾಗಿ ಸೆರಾಂಪುರ ಸೆನೆಟ್ ಕೊಡುವ ದೈವಶಾಸ್ತ್ರದ ಪದವಿ ಬಿ.ಡಿ. ಕೇಳುತ್ತಾರೆ. 1910ರಲ್ಲಿ ಶುರುವಾದ ಯುಟಿಸಿಯಲ್ಲಿ ಅದು ಸಿಗುತ್ತದೆ. ಸಂಡೇ ಸ್ಕೂಲ್, ಬೈಬಲ್ ಸ್ಟಡಿ ನಡೆಸುವವರಿಗೆ ಟಾಫ್ಟಿ ಸಾಕು.

ಖರ್ಚು ಅಂದರೆ ಬರೀ ಫೀಸಲ್ಲ. ಕಾಲೇಜಿನಲ್ಲಿದ್ದಷ್ಟು ವರ್ಷ ಸಂಬಳವೂ ಇರುವುದಿಲ್ಲ, ಅಲ್ವಾ? ಟಾಫ್ಟಿಯಲ್ಲಿ ಕೆಲಸ ಬಿಡಬೇಕಿಲ್ಲ. ಮನೆಯಲ್ಲಿ ಪಾಠ ಓದಿ, ಗುಂಪಿನಲ್ಲಿ ಚರ್ಚೆಗೆ ಕೂರಬೇಕು. ಆದರೆ ದಣಿದು ಬಂದ ರಾತ್ರಿಯೂ ಪುಸ್ತಕ ತೆರೆಯುವ ಶಿಸ್ತು ಬೇಕು.

ನನಗೆ ಮುಖ್ಯ ಅನಿಸುವುದು ನಂಬಿಕೆಯ ಮಾತು. ಯುಟಿಸಿಯಲ್ಲಿ ಹಲವು ಸಭೆಗಳವರು ಒಟ್ಟಿಗೆ ಓದುತ್ತಾರೆ. ಬೈಬಲನ್ನು ವಿಮರ್ಶೆಯ ಕಣ್ಣಿನಿಂದಲೂ ನೋಡುತ್ತಾರೆ. ದಲಿತರ ನೋವಿನ ಅನುಭವದಿಂದ ಬೈಬಲನ್ನು ಓದುವ ದಲಿತ ದೈವಶಾಸ್ತ್ರವನ್ನು ಗಂಭೀರವಾಗಿ ಚರ್ಚಿಸುತ್ತಾರೆ. ಬೈಬಲಿನ ಅಧಿಕಾರಕ್ಕೂ ವೈಯಕ್ತಿಕ ನಂಬಿಕೆಗೂ ಒತ್ತು ಕೊಡುವ ನಮ್ಮ ಇವ್ಯಾಂಜೆಲಿಕಲ್ ಸಭೆಗಳಲ್ಲಿ ಕೆಲವರು ಇದಕ್ಕೆ ಹೆದರುತ್ತಾರೆ. ಸಮಾಜದ ನಡುವೆ ಸೇವೆ ಮಾಡುವವರು ಆ ಪ್ರಶ್ನೆಗಳನ್ನು ಎದುರಿಸಲೇಬೇಕು. ಜೊತೆಗೆ ಪ್ರಾರ್ಥಿಸುವ ಹಿರಿಯರಿದ್ದರೆ ಧೈರ್ಯವಾಗಿ ಹೋಗಿ. ಟಾಫ್ಟಿಯ ದಾರಿ ಇವ್ಯಾಂಜೆಲಿಕಲ್ ಮನಸ್ಸಿಗೆ ಹತ್ತಿರ.

ಮನೆ ಜವಾಬ್ದಾರಿ ಜಾಸ್ತಿ ಇದ್ದರೆ ಟಾಫ್ಟಿ. ಚಿಕ್ಕ ವಯಸ್ಸು, ಸಭೆಯೇ ಕಳಿಸಲು ಸಿದ್ಧ ಅಂದರೆ ಯುಟಿಸಿ. ಇಂಗ್ಲಿಷ್ ಕಷ್ಟವಾದರೆ ಮಂಗಳೂರು ಬಲ್ಮಠದ ಕರ್ನಾಟಕ ಥಿಯಲಾಜಿಕಲ್ ಕಾಲೇಜಿನಲ್ಲೂ ವಿಚಾರಿಸಿ.