ಅಂಜನಾದ್ರಿಯ ನೆರಳಿನಿಂದ ಮೂರು ಅನಿಮೇಷನ್ ಚಿತ್ರಗಳನ್ನು ನೋಡಿದಾಗ

ನಾವು ಗಂಗಾವತಿಯವರು. ಹನುಮಂತ ಹುಟ್ಟಿದ ಬೆಟ್ಟವೆಂದು ನಂಬುವ, ಆನೆಗೊಂದಿಯ ಬಳಿಯ ಅಂಜನಾದ್ರಿಯ 575 ಮೆಟ್ಟಿಲುಗಳನ್ನು ಆಗಾಗ ಹತ್ತಿಳಿಯುವ ನನ್ನ ತಂಗಿಯ ಏಳು ವರ್ಷದ ಮಗಳಿಗೆ ಹನುಮಂತನು ಕಥೆಯ ಪಾತ್ರವಲ್ಲ, ಊರಿನವನು. ಆದ್ದರಿಂದಲೇ ಕಳೆದ ಮೂರು ದಶಕಗಳಲ್ಲಿ ಬಂದ ಮೂರು ಪೌರಾಣಿಕ ಅನಿಮೇಷನ್ ಚಿತ್ರಗಳನ್ನು 2025ರಲ್ಲಿ ಅವಳ ಪಕ್ಕದಲ್ಲಿ ಕುಳಿತು ನೋಡಿ, ಯಾವುದು ಅವಳ ಮನಸ್ಸಿನಲ್ಲಿ ಉಳಿಯುತ್ತದೆಂದು ಗಮನಿಸಿದೆ.

ಮೊದಲು ನೋಡಿದ್ದು ಯುಗೋ ಸಾಕೋ, ರಾಮ್ ಮೋಹನ್ ಮತ್ತು ಕೊಯಿಚಿ ಸಾಸಾಕಿ ನಿರ್ದೇಶಿಸಿದ, ಭಾರತ ಮತ್ತು ಜಪಾನಿನ ಕಲಾವಿದರು ಕೈಯಿಂದ ಬರೆದು 1990ರ ದಶಕದ ಆರಂಭದಲ್ಲಿ ಮುಗಿಸಿದ ‘ರಾಮಾಯಣ: ದಿ ಲೆಜೆಂಡ್ ಆಫ್ ಪ್ರಿನ್ಸ್ ರಾಮ’. ಅದು 2025ರ ಜನವರಿಯಲ್ಲಿ ನಮ್ಮ ದೇಶದ ಚಿತ್ರಮಂದಿರಗಳಿಗೆ ಬಂದಾಗ ನಾವು ತೆಲುಗಿನಲ್ಲಿ ನೋಡಿದೆವು. ತೆಲುಗು ಮಾತಾಡುವ ವಲಸಿಗರ ಊರುಗಳಾದ ಇಲ್ಲಿನ ‘ಕ್ಯಾಂಪು’ಗಳ ಮಕ್ಕಳೊಡನೆ ಆಡಿ ಬೆಳೆದ ಹುಡುಗಿಗೆ ತೆಲುಗು ಹೊಸದಲ್ಲ. ಆದರೂ ಅರ್ಥವಾಗದ ಮಾತುಗಳಿದ್ದವು, ಅಲ್ಲೆಲ್ಲ ಚಿತ್ರವೇ ಅವಳಿಗೆ ಕಥೆ ಹೇಳಿತು. ವಾನರರು ಸೇತುವೆಗೆಂದು ಬಂಡೆಗಳನ್ನು ಹೊತ್ತು ತರುವಾಗ ಅವಳು ನನ್ನ ಕೈ ಹಿಡಿದು, “ದೊಡ್ಡಮ್ಮಾ, ಕಲ್ಲು ನಮ್ಮ ಬೆಟ್ಟದ ಕಲ್ಲಿನಂಗ ಅದಾವ ನೋಡು” ಎಂದಳು. ಬಂಡೆಯ ಭಾರವು ಹೊರುವವನ ಬೆನ್ನಿನಲ್ಲಿ ಕಾಣುವಂತೆ ಬರೆದಿರುವುದೇ ಈ ಚಿತ್ರದ ದೊಡ್ಡ ಗುಣ. ಕುಂಭಕರ್ಣನು ರಣರಂಗಕ್ಕೆ ಬರುವ ಭಾಗದಲ್ಲಿ ಅವನ ಗಾತ್ರವು ಸುತ್ತಲಿನ ಸಣ್ಣ ಜೀವಗಳ ಭಯದಿಂದಲೇ ನಮಗೆ ತಿಳಿಯುತ್ತದೆ.

ವಿ.ಜಿ. ಸಾಮಂತ್ ಅವರ ‘ಹನುಮಾನ್’ (2005) ಚಿತ್ರವನ್ನು ಮನೆಯಲ್ಲಿ ಹಿಂದಿಯಲ್ಲಿ ನೋಡಿದೆವು. ಸೂರ್ಯನನ್ನು ಹಣ್ಣೆಂದು ಭ್ರಮಿಸಿ ಹಾರುವ ಬಾಲಹನುಮನ ತುಂಟತನದಲ್ಲಿ ಮಗು ತನ್ನನ್ನೇ ಕಂಡಿತು, ಮತ್ತೆ ಮತ್ತೆ ಅದನ್ನೇ ಹಾಕಿಸಿಕೊಂಡಿತು. ಆದರೆ ಹನುಮನು ದೊಡ್ಡವನಾದ ಮೇಲೆ ಅವಳ ಗಮನ ಚದುರಿತು, ನನ್ನದೂ ಕೂಡ. ಪಾತ್ರಗಳ ಚಲನೆ ಸರಾಗವಾಗಿಲ್ಲ, ಹಿನ್ನೆಲೆಯ ಕಾಡುಬೆಟ್ಟಗಳು ಬಣ್ಣದ ಪರದೆಗಳಂತಿವೆ.

ಅಶ್ವಿನ್ ಕುಮಾರ್ ನಿರ್ದೇಶಿಸಿದ, ಹೊಂಬಾಳೆ ಫಿಲ್ಮ್ಸ್ ಅರ್ಪಿಸಿದ ‘ಮಹಾವತಾರ ನರಸಿಂಹ’ 2025ರ ಜುಲೈನಲ್ಲಿ ಕನ್ನಡದಲ್ಲಿಯೂ ಬಂದಿತು. ಇದು ಕಂಪ್ಯೂಟರಿನಲ್ಲಿ ರೂಪಿಸಿದ ಚಿತ್ರ. ಕೂದಲು, ಒಡವೆ, ಬೆಂಕಿಗಳಲ್ಲಿ ಅಚ್ಚರಿಯ ವಿವರವಿದೆ, ಮುಖಗಳಲ್ಲಿ ಮಾತ್ರ ಅಷ್ಟು ಜೀವವಿಲ್ಲ. ಆದರೂ ಪ್ರಹ್ಲಾದನ ಒಂದೊಂದು ಮಾತೂ ಅವಳಿಗೆ ನೇರವಾಗಿ ಮುಟ್ಟಿತು, ನನ್ನನ್ನು ಏನೂ ಕೇಳಲಿಲ್ಲ. ಕಂಬ ಒಡೆಯುವಾಗ ಬೆಚ್ಚಿ ನನ್ನ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಕೊನೆಯ ಕಾಳಗ ನನಗೆ ದೀರ್ಘವೆನಿಸಿತು.

ಭಾಷೆಯ ಈ ಬಲವನ್ನು ನಮ್ಮ ಕೊಪ್ಪಳ ಜಿಲ್ಲೆಯವರಿಗೆ ಬಿಡಿಸಿ ಹೇಳಬೇಕಿಲ್ಲ. 2025ರಲ್ಲಿ ಪದ್ಮಶ್ರೀಗೆ ಆಯ್ಕೆಯಾದ ಮೊರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರ ತೊಗಲುಗೊಂಬೆಗಳು ಕಣ್ಣು ಮಿಟುಕಿಸುವುದಿಲ್ಲ, ತುಟಿ ಆಡಿಸುವುದಿಲ್ಲ. ಪರದೆಯ ಹಿಂದಿನ ಕನ್ನಡದ ದನಿಯೇ ಅವುಗಳಿಗೆ ಉಸಿರು. ಜಪಾನಿನ ಕುಂಚಕ್ಕೆ ಅಂಥ ದನಿ ಸೇರಿದ್ದರೆ ಎಂಬ ಆಸೆ ‘ರಾಮಾಯಣ’ವನ್ನು ನೋಡುವಾಗಲೆಲ್ಲ ನನ್ನನ್ನು ಕಾಡಿತು.

ಆದರೂ ಮೂರರಲ್ಲಿ ನನ್ನ ಆಯ್ಕೆ ‘ರಾಮಾಯಣ’ವೇ. ಐದು ವರ್ಷದೊಳಗಿನ ಮಗುವಿಗೆ ‘ಹನುಮಾನ್’ ಚಿತ್ರದ ಬಾಲ್ಯದ ಭಾಗವಷ್ಟೇ ಸಾಕು. ‘ನರಸಿಂಹ’ವನ್ನು ಎಂಟು ತುಂಬಿದ ಮೇಲೆ, ಹಿರಿಯರೊಬ್ಬರು ಪಕ್ಕದಲ್ಲಿದ್ದು ತೋರಿಸುವುದು ಒಳ್ಳೆಯದು. ನಮ್ಮ ಹುಡುಗಿ ಈಗ ನೋಟ್‌ಬುಕ್ಕಿನ ಹಿಂಬದಿಯಲ್ಲಿ ಬರೆಯುತ್ತಿರುವುದು ಬಂಡೆ ಹೊತ್ತ ವಾನರರನ್ನು.