ಸ್ಕೂಲಲ್ಲಿ ಆಟಿಕೆ ಪೂರ್ತಿ ಬ್ಯಾನಾ, ಬ್ರೇಕಲ್ಲಿ ಮಾತ್ರಾನಾ?

ಪೇರೆಂಟ್ಸ್ ಮೀಟಿಂಗಲ್ಲಿ ಈ ಎರಡರಲ್ಲಿ ಒಂದಕ್ಕೆ ಕೈ ಎತ್ತಬೇಕಾಗಿರೋರಿಗೆ ಇದು.

ಪೂರ್ತಿ ಬ್ಯಾನ್ ಟೀಚರ್‌ಗೆ ಸುಲಭ, ವಾದಾನೇ ಇರಲ್ಲ, ಜೊತೆಗೆ ಬೇಬ್ಲೇಡ್ ಬುಗುರಿ ಕೊಡ್ಸೋಕಾಗದೇ ಇರೋ ಮನೆ ಮಗು ಕ್ಲಾಸಲ್ಲಿ ಮುಖ ಸಣ್ಣ ಮಾಡ್ಕೊಂಡು ಕೂರೋದು ತಪ್ಪುತ್ತೆ, ನನ್ಗೆ ಇದೇ ಎಲ್ಲಕ್ಕಿಂತ ದೊಡ್ಡ ಪಾಯಿಂಟು. 1999ರಲ್ಲಿ ಅಮೆರಿಕದ ಎಷ್ಟೋ ಸ್ಕೂಲ್‌ಗಳು ಪೋಕೆಮಾನ್ ಕಾರ್ಡ್ ಬ್ಯಾನ್ ಮಾಡಿದ್ದು ಆಟ ಕೆಟ್ಟದ್ದು ಅಂತಲ್ಲ, ಕಾರ್ಡ್ ಬದಲಾಯ್ಸೋ ವಿಷ್ಯಕ್ಕೆ ಜಗಳ, ಕಳ್ಳತನ, ದೊಡ್ಡೋರು ಚಿಕ್ಕೋರನ್ನ ಏಮಾರ್ಸೋದು. ನಮ್ಮಲ್ಲಿ ಟ್ರಂಪ್ ಕಾರ್ಡ್ ಆಡಿರೋರಿಗೆ ಇದು ಹೇಳ್ಬೇಕಾಗಿಲ್ಲ ಬಿಡಿ.

ಆದ್ರೆ 2017ರಲ್ಲಿ ಫಿಜೆಟ್ ಸ್ಪಿನ್ನರ್ (ಬೆರಳಲ್ಲಿ ಹಿಡ್ಕೊಂಡು ಗರಗರ ತಿರುಗ್ಸೋ ಆಟಿಕೆ) ಹುಚ್ಚು ಹಿಡ್ದಾಗ ಅಮೆರಿಕ, ಬ್ರಿಟನ್‌ನಲ್ಲಿ ಬ್ಯಾನ್ ಬಂತಲ್ಲ, ಆಗ ಎಡಿಎಚ್‌ಡಿ (ಗಮನ ಒಂದ್ಕಡೆ ನಿಲ್ಲದೇ ಇರೋ ತೊಂದ್ರೆ), ಆಟಿಸಂ ಇರೋ ಮಕ್ಕಳ ಪ್ರಶ್ನೆ ಎದ್ದಿತು. ಕೈಯಲ್ಲಿ ಏನಾದ್ರೂ ಇದ್ರೇನೇ ಪಾಠ ಕೇಳೋಕಾಗೋ ಮಕ್ಕಳಿದ್ದಾರೆ ರೀ, ಅವ್ರಿಗೆ ಗರಗರ ತಿರುಗೋದು ಬೇಡ, ಪಕ್ಕದವ್ರಿಗೆ ಕಾಣದಂಗೆ ಡೆಸ್ಕ್ ಕೆಳ್ಗೆ ಅದುಮೋ ಸ್ಪಂಜ್ ಬಾಲ್ ಸಾಕು, ಆದ್ರೆ ಅದಕ್ಕೆ ರೂಲಲ್ಲಿ ಜಾಗ ಬರ್ದಿಡ್ಬೇಕು.

ಬ್ರೇಕಲ್ಲಿ ಮಾತ್ರ ಅನ್ನೋದು ಕೇಳೋಕೆ ಚೆಂದ, ಮಕ್ಕಳಿಗೆ ಖುಷಿ, ಬೆಲ್ ಹೊಡೆದ್ಮೇಲೆ ಬ್ಯಾಗಿಗೆ ಹಾಕೋ ಅಭ್ಯಾಸಾನೂ ಆಗುತ್ತೆ. ಆದ್ರೆ ಗ್ರೌಂಡಲ್ಲಿ ನೋಡ್ಕೊಳ್ಳೋಕೆ ಒಬ್ರು ಬೇಕು, ಅದಲು ಬದಲು ಮಾಡಂಗಿಲ್ಲ ಅಂತ ಇರ್ಬೇಕು, ಐವತ್ತು ಮಕ್ಕಳಿಗೆ ಒಬ್ಬರೇ ಟೀಚರ್ ಇರೋ ಕಡೆ ಇದು ನಡಿಯಲ್ಲ.

ನಾನಾದ್ರೆ ನಾಲ್ಕನೇ ಕ್ಲಾಸ್‌ವರೆಗೂ ಬ್ಯಾನ್, ಆಮೇಲೆ ಬ್ರೇಕು ಅಂತೀನಿ. ಯಾವ್ದಕ್ಕೇ ಕೈ ಎತ್ತಿದ್ರೂ ಕಿತ್ಕೊಂಡ ಆಟಿಕೆ ಯಾವಾಗ ವಾಪಸ್ ಕೊಡ್ತೀರಾ ಅಂತ ಅಲ್ಲೇ ಕೇಳಿ ಬರ್ಸ್ಕೊಳ್ಳಿ.