ಫಿಲ್ಮ್ ಓಡಿಸದೆ ಡಿಟಿಎಸ್ ಡಿಸ್ಕ್ ಪರೀಕ್ಷೆ: ಯಾವ ದಾರಿಯನ್ನು ಎಷ್ಟು ನಂಬಬಹುದು?

ಗಾಂಧಿನಗರದ ಹಳೇ ವಿತರಕರ ಆಫೀಸುಗಳು ಖಾಲಿಯಾಗುವಾಗ ಗುಜರಿಗೆ ಹೋಗುವ ಸಾಮಾನಿನಲ್ಲಿ ಪೋಸ್ಟರ್, ತಗಡಿನ ಡಬ್ಬ, ರೀಲುಗಳ ಜೊತೆ ಒಂದಿಷ್ಟು ಸಿಡಿಗಳೂ ಸಿಗುತ್ತವೆ. ಮೇಲೆ ಸಿನಿಮಾ ಹೆಸರು, ಒಂದು ಸೀರಿಯಲ್ ನಂಬರ್, ಪಕ್ಕದಲ್ಲಿ ಡಿಟಿಎಸ್ ಗುರುತು, ಅಂದರೆ ಥಿಯೇಟರ್‌ನಲ್ಲಿ ಸಿನಿಮಾದ ಧ್ವನಿಯನ್ನು ಫಿಲ್ಮಿನ ಬದಲು ಡಿಸ್ಕಿನಿಂದ ನುಡಿಸುತ್ತಿದ್ದ ವ್ಯವಸ್ಥೆಯದು. ಮನೆಗೆ ತಂದು ಸಿಡಿ ಪ್ಲೇಯರ್‌ಗೆ ಹಾಕಿದರೆ ಏನೂ ಕೇಳುವುದಿಲ್ಲ. ಕೆಟ್ಟಿದೆ ಅಂದುಕೊಂಡು ಎಸೆದವರನ್ನು ನಾನೇ ನೋಡಿದ್ದೇನೆ. ಈ ಡಿಸ್ಕ್ ಓಡುವುದು ಅದೇ ಸಿನಿಮಾದ ಫಿಲ್ಮ್ ಪ್ರಿಂಟ್ ಜೊತೆ, ಆ ಪ್ರಿಂಟ್ ಸಿಗುವುದು ಅಪರೂಪ. ಸಿಕ್ಕರೂ ಓಡಿಸೋಕೆ ಪ್ರೊಜೆಕ್ಟರ್ ಎಲ್ಲಿದೆ? ಡಿಜಿಟಲ್ ಬಂದ ಮೇಲೆ ಕೆ.ಜಿ. ರೋಡಿನ ಥಿಯೇಟರ್‌ಗಳ ಕ್ಯಾಬಿನ್‌ಗಳಿಂದ ಆ ಮೆಷಿನ್‌ಗಳು ಹೊರಬಿದ್ದು ವರ್ಷಗಳೇ ಆದವು. ಕಪಾಲಿ ಥಿಯೇಟರ್ ಅಂತೂ ಕಟ್ಟಡ ಸಮೇತ ಹೋಯಿತು.

ಹಾಗಾಗಿ ಪ್ರಶ್ನೆ ಇಷ್ಟೇ: ಫಿಲ್ಮ್ ಇಲ್ಲದೆ ಈ ಡಿಸ್ಕ್ ಚೆನ್ನಾಗಿದೆಯೋ ಇಲ್ಲವೋ ತಿಳಿಯುವುದು ಹೇಗೆ? ನನ್ನ ಹತ್ತಿರ ಒಂದು ಹಳೇ ಡಿಟಿಎಸ್ ಪ್ಲೇಯರ್ ಇದೆ, ಕಂಪ್ಯೂಟರ್ ಇದೆ, ಸ್ಪೀಕರ್‌ಗಳಿವೆ. ಸಾಧ್ಯ ಇದ್ದ ದಾರಿಗಳನ್ನೆಲ್ಲ ಒಂದರ ಪಕ್ಕ ಒಂದಿಟ್ಟು ನೋಡಿದೆ.

ಮೊದಲು ಹಿನ್ನೆಲೆ ಸ್ವಲ್ಪ. ಡಾಲ್ಬಿ ಡಿಜಿಟಲ್‌ನಲ್ಲಿ ಧ್ವನಿ ಫಿಲ್ಮಿನ ಮೇಲೇ ಇರುತ್ತದೆ, ಅಂಚಿನ ತೂತುಗಳ ನಡುವೆ. ಸೋನಿಯ ಎಸ್‌ಡಿಡಿಎಸ್‌ನಲ್ಲಿ ಫಿಲ್ಮಿನ ಎರಡೂ ಅಂಚಿನಲ್ಲಿ. ಅವೆರಡರಲ್ಲಿ ಫಿಲ್ಮ್ ಇಲ್ಲದಿದ್ದರೆ ಪರೀಕ್ಷೆ ಮಾಡೋಕೆ ಏನೂ ಉಳಿಯುವುದಿಲ್ಲ. 1993ರಲ್ಲಿ ‘ಜುರಾಸಿಕ್ ಪಾರ್ಕ್’ ಜೊತೆ ಬಂದ ಡಿಟಿಎಸ್ ಬೇರೆ ದಾರಿ ಹಿಡಿಯಿತು. ಫಿಲ್ಮಿನ ಮೇಲೆ ಚಿತ್ರಕ್ಕೂ ಆಪ್ಟಿಕಲ್ ಟ್ರ್ಯಾಕ್‌ಗೂ (ಫಿಲ್ಮಿನ ಮೇಲೇ ಅಚ್ಚಾದ ಹಳೇ ಬಗೆಯ ಧ್ವನಿಪಟ್ಟಿ) ನಡುವೆ ಒಂದು ಸಣ್ಣ ಟೈಮ್‌ಕೋಡ್ ಗೆರೆ, ಅಷ್ಟೇ. ಧ್ವನಿಯೆಲ್ಲ ಸಿಡಿ-ರಾಮ್‌ನಲ್ಲಿ. ಪ್ರೊಜೆಕ್ಟರ್‌ಗೆ ಕೂರಿಸಿದ ರೀಡರ್ ಆ ಗೆರೆಯನ್ನು ಓದುತ್ತದೆ. ಯಾವ ಸಿನಿಮಾ, ಯಾವ ರೀಲು, ಎಲ್ಲಿದ್ದೇವೆ ಅಂತ ಪ್ಲೇಯರ್‌ಗೆ ತಿಳಿಯುತ್ತದೆ, ಅದಕ್ಕೆ ಸರಿಯಾದ ಧ್ವನಿ ಹೊರಡುತ್ತದೆ. ಕೋಡ್ ತಪ್ಪಿದರೆ, ಬೇರೆ ಸಿನಿಮಾದ ಡಿಸ್ಕ್ ಹಾಕಿದ್ದರೆ, ಅಥವಾ ಡಿಸ್ಕ್ ಕೈಕೊಟ್ಟರೆ ತಾನಾಗೇ ಆಪ್ಟಿಕಲ್ ಟ್ರ್ಯಾಕ್‌ಗೆ ಇಳಿಯುತ್ತದೆ. ಬಾಲ್ಕನಿಯಲ್ಲಿ ಕೂತವರಿಗೆ ಧ್ವನಿ ದಿಢೀರ್ ಸಪ್ಪೆಯಾದಂತೆ ಅನ್ನಿಸುತ್ತಿತ್ತಲ್ಲ, ಎಷ್ಟೋ ಸಲ ಅದರ ಕಾರಣ ಇದೇ.

ಕಣ್ಣಿನಿಂದ ನೋಡುವುದು ಅತಿ ಅಗ್ಗದ ದಾರಿ. ಆದರೆ ಎಲ್ಲರೂ ನೋಡುವುದು ಹೊಳೆಯುವ ತಳಭಾಗವನ್ನು. ಅಲ್ಲಿನ ಗೀರು ಅಷ್ಟೇನೂ ಅಪಾಯವಲ್ಲ. ಅಲ್ಯೂಮಿನಿಯಂ ಪದರ ಇರುವುದು ಲೇಬಲ್ ಕಡೆ, ತೆಳು ಲ್ಯಾಕರ್ ಕೆಳಗೆ. ಆ ಕಡೆ ಗೀರು ಬಿದ್ದರೆ ಡೇಟಾ ಹೋದಂತೆಯೇ. ಡಿಸ್ಕನ್ನು ಟ್ಯೂಬ್‌ಲೈಟ್ ಎದುರು ಹಿಡಿಯಿರಿ. ಸೂಜಿಮೊನೆಯಷ್ಟು ಬೆಳಕು ತೂರಿ ಬಂದರೆ ಅಲ್ಲಿ ಪದರ ಹೋಗಿದೆ ಅಂತ ಅರ್ಥ. ಒರೆಸುವುದಾದರೆ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿ, ಸುತ್ತ ಉಜ್ಜಬೇಡಿ. ಈ ಪರೀಕ್ಷೆ ‘ಇದು ಖಂಡಿತ ಹೋಯಿತು’ ಅಂತ ಹೇಳಬಲ್ಲದು. ‘ಇದು ಚೆನ್ನಾಗಿದೆ’ ಅಂತ ಹೇಳಲಾರದು.

ಎರಡನೇ ದಾರಿ, ಕಂಪ್ಯೂಟರ್‌ಗೆ ಕಾಪಿ ಮಾಡುವುದು. ಹೆಚ್ಚಿನವರು ಇಲ್ಲಿಗೇ ನಿಲ್ಲಿಸುತ್ತಾರೆ. ಫೈಲೆಲ್ಲ ಬಂತು, ಎರರ್ ಬರಲಿಲ್ಲ, ಡಿಸ್ಕ್ ಪಾಸ್! ನನಗೆ ಜಾಸ್ತಿ ತಕರಾರು ಇರುವುದು ಈ ತೀರ್ಪಿನ ಮೇಲೆಯೇ. ಕಂಪ್ಯೂಟರ್ ಡ್ರೈವ್‌ಗೆ ತಾಳ್ಮೆ ತುಂಬಾ. ಒಂದು ಸೆಕ್ಟರ್ (ಡಿಸ್ಕಿನ ಒಂದು ಸಣ್ಣ ತುಂಡು ಡೇಟಾ) ಓದಲು ಆಗದಿದ್ದರೆ ವೇಗ ಇಳಿಸಿ ಮತ್ತೆ ಮತ್ತೆ ಪ್ರಯತ್ನಿಸುತ್ತದೆ, ಕೊನೆಗೂ ಹೇಗೋ ಎತ್ತಿಕೊಡುತ್ತದೆ. ಥಿಯೇಟರ್ ಪ್ಲೇಯರ್‌ಗೆ ಆ ಪುರುಸೊತ್ತು ಇಲ್ಲ. ಅದಕ್ಕೆ ವೇಗ ಹೆಚ್ಚು ಬೇಡ ನಿಜ: ಐದು ಚಾನಲ್‌ನ ಧ್ವನಿಗೆ ಸೆಕೆಂಡಿಗೆ ಸುಮಾರು 110 ಕಿಲೋಬೈಟ್ ಸಾಕು, ಸಿಡಿಯ ಒಂದು ಎಕ್ಸ್ ವೇಗವೇ 150. ಆದರೆ ಒಂದೇ ಜಾಗದಲ್ಲಿ ಡ್ರೈವ್ ಸಿಕ್ಕಿಹಾಕಿಕೊಂಡರೆ ಬಫರ್‌ನಲ್ಲಿ, ಅಂದರೆ ಮುಂಚಿತವಾಗಿ ಓದಿಟ್ಟುಕೊಂಡ, ಕೆಲವು ಸೆಕೆಂಡಿನ ಧ್ವನಿ ಮುಗಿಯುತ್ತದೆ, ಆಟವೂ ಮುಗಿಯುತ್ತದೆ.

ನನ್ನಲ್ಲಿರುವ ಒಂದು ಡಿಸ್ಕ್ ಹೀಗೇ. ಲ್ಯಾಪ್‌ಟಾಪ್‌ನಲ್ಲಿ ಒಂದೂ ಎರರ್ ಇಲ್ಲದೆ ಪೂರ್ತಿ ಕಾಪಿಯಾಯಿತು. ಆದರೆ ಕೊನೆಯ ರೀಲಿನ ಫೈಲ್ ನಡುವೆ ಡ್ರೈವ್ ಸದ್ದು ಬದಲಾಯಿತು. ಗುಂಯ್ ಅನ್ನುವ ಸದ್ದು ತಗ್ಗಿ, ಲೆನ್ಸ್ ಹಿಂದೆ ಮುಂದೆ ಹೋಗುವ ಕಟಕಟ. ಆಮೇಲೆ ಅದೇ ಡಿಸ್ಕನ್ನು ಪ್ಲೇಯರ್‌ಗೆ ಹಾಕಿದರೆ ಸರಿಯಾಗಿ ಆ ಜಾಗದಲ್ಲೇ ಧ್ವನಿ ಕಟ್ಟಾಯಿತು. ಅದಕ್ಕೇ ಹೇಳುವುದು, ಕಾಪಿ ಮುಗಿಯಿತಾ ಅನ್ನುವುದಕ್ಕಿಂತ ಎಲ್ಲಿ ನಿಧಾನವಾಯಿತು ಅಂತ ನೋಡಿ. ಓದುವ ವೇಗವನ್ನು ಗ್ರಾಫ್‌ನಲ್ಲಿ ತೋರಿಸುವ ಯಾವ ಪ್ರೋಗ್ರಾಮ್ ಆದರೂ ಸರಿ, ಡಿಡಿರೆಸ್ಕ್ಯೂ (ಕೆಟ್ಟ ಡಿಸ್ಕಿನಿಂದ ಡೇಟಾ ಎತ್ತುವ ಪ್ರೋಗ್ರಾಮ್) ಲಾಗ್ ಆದರೂ ಸರಿ. ಇನ್ನೊಂದು ಮಾತು: ಎಸ್.ಪಿ. ರೋಡಿನಲ್ಲಿ ಸಿಗುವ ಹಳೇ ಡೆಸ್ಕ್‌ಟಾಪ್ ಡ್ರೈವ್, ಹೊಸ ತೆಳು ಯುಎಸ್‌ಬಿ ಡ್ರೈವ್‌ಗಿಂತ ನನ್ನ ಕೈಯಲ್ಲಿ ಚೆನ್ನಾಗಿ ಕೆಲಸ ಮಾಡಿತು.

ಮೂರನೇದು, ಫೈಲುಗಳನ್ನು ಡಿಕೋಡ್ ಮಾಡಿ ಕೇಳುವುದು. ಸಿನಿಮಾ ಡಿಟಿಎಸ್ ಅಂದರೆ ಮನೆಯ ಡಿವಿಡಿಯಲ್ಲಿ ಬರುವ ಡಿಟಿಎಸ್ ಅಲ್ಲ. ಇದು ಆಪ್ಟ್-ಎಕ್ಸ್ 100 ಅನ್ನುವ ಬೇರೆ ವಿಧಾನ, ಧ್ವನಿಯ ಡೇಟಾವನ್ನು ನಾಲ್ಕರಲ್ಲಿ ಒಂದು ಪಾಲಿಗೆ ಇಳಿಸುತ್ತದೆ. ಹೀಗೆ ಒಂದು ಡಿಸ್ಕ್‌ಗೆ ಸುಮಾರು 100 ನಿಮಿಷ ಹಿಡಿಯುತ್ತದೆ, ಎರಡೂವರೆ ಗಂಟೆಯ ನಮ್ಮ ಸಿನಿಮಾಗಳಿಗೆ ಎರಡು ಡಿಸ್ಕ್ ಬೇಕಾಗಿದ್ದು ಅದಕ್ಕೇ. ಹವ್ಯಾಸಿಗಳು ಬರೆದ ಸಣ್ಣ ಪ್ರೋಗ್ರಾಮ್‌ಗಳಿಂದ ಇದನ್ನು ವೇವ್ ಫೈಲ್ ಮಾಡಿಕೊಳ್ಳಬಹುದು. ರಾತ್ರಿ ಹೆಡ್‌ಫೋನ್ ಹಾಕಿ ಕೂತು ಕೇಳುವ ಸುಖ ಬೇರೆ. ಪಕ್ಕದ ಮನೆಯವರ ತಕರಾರೂ ಇಲ್ಲ.

ಇಲ್ಲಿ ಹೊಸಬರು ಗಾಬರಿಯಾಗುವ ಒಂದು ವಿಷಯ ಇದೆ. ಡಿಕೋಡ್ ಮಾಡಿದರೆ ಸಿಗುವುದು ಐದೇ ಚಾನಲ್, ಸಬ್‌ವೂಫರ್‌ಗೆ ಬೇರೆ ಫೈಲ್ ಇಲ್ಲ. ಹಿಂದಿನ ಸ್ಪೀಕರ್‌ಗಳ ಚಾನಲ್ ಕೇಳಿದರೆ ಗುಡುಗಿನಂಥ ಬೇಸ್. ರೆಕಾರ್ಡಿಂಗ್ ಕೆಟ್ಟಿದೆ ಅಂತ ಅನ್ನಿಸುತ್ತದೆ, ಅಲ್ವಾ? ಕೆಟ್ಟಿಲ್ಲ. ಸಬ್‌ವೂಫರ್‌ನ ಧ್ವನಿಯನ್ನು ಸರೌಂಡ್ ಚಾನಲ್‌ಗಳಲ್ಲೇ ತುಂಬಿರುತ್ತಾರೆ. ಥಿಯೇಟರ್ ಪ್ಲೇಯರ್ 80 ಹರ್ಟ್ಜ್‌ಗಿಂತ ಕೆಳಗಿನದನ್ನು ಸೋಸಿ ಸಬ್‌ಗೆ ಕಳಿಸುತ್ತದೆ, ಉಳಿದದ್ದು ಗೋಡೆಯ ಸ್ಪೀಕರ್‌ಗಳಿಗೆ. ಹೆಡ್‌ಫೋನ್‌ನಲ್ಲಿ ಆ ಸೋಸುವ ಕೆಲಸವನ್ನು ನಾವೇ ಮಾಡಿಕೊಳ್ಳಬೇಕು. ಡಿಸ್ಕಿನಲ್ಲಿ ಏನಿದೆ ಅಂತ ತಿಳಿಯಲು ಈ ದಾರಿಗೆ ಸಾಟಿ ಇಲ್ಲ. ಪ್ಲೇಯರ್‌ನಲ್ಲಿ ಓಡುತ್ತದಾ ಅನ್ನುವುದಕ್ಕೆ ಮಾತ್ರ ಇದು ಉತ್ತರ ಕೊಡುವುದಿಲ್ಲ.

ಫಿಲ್ಮ್ ಲೂಪ್ ಬಗ್ಗೆ ಎರಡೇ ಮಾತು. ಟೈಮ್‌ಕೋಡ್ ಇರುವ ತುಂಡು ಫಿಲ್ಮನ್ನು ಬಳೆಯಂತೆ ಅಂಟಿಸಿ ರೀಡರ್‌ನಲ್ಲಿ ತಿರುಗಿಸುವುದು. 35 ಎಂಎಂ ಫಿಲ್ಮ್ ಸೆಕೆಂಡಿಗೆ ಒಂದೂವರೆ ಅಡಿ ಓಡುತ್ತದೆ, ಹಾಗಾಗಿ ಆರು ಅಡಿ ಲೂಪ್ ಅಂದರೆ ನಾಲ್ಕೇ ಸೆಕೆಂಡ್. ಅದೇ ನಾಲ್ಕು ಸೆಕೆಂಡ್ ಸುತ್ತಿ ಸುತ್ತಿ ಬರುತ್ತದೆ, ಜೋಡಣೆ ಬಂದಾಗಲೆಲ್ಲ ಪ್ಲೇಯರ್ ತಬ್ಬಿಬ್ಬಾಗುತ್ತದೆ. ರೀಡರ್‌ನ ಎಲ್‌ಇಡಿ, ಸಿಗ್ನಲ್ ಮಟ್ಟ ನೋಡಲು ಸರಿ. ಡಿಸ್ಕ್ ಪರೀಕ್ಷೆಗೆ ದಂಡ.

ಇನ್ನು ನನಗೆ ಹಿಡಿಸಿದ ದಾರಿ: ಫಿಲ್ಮಿನ ಬದಲು ಬರೀ ಟೈಮ್‌ಕೋಡನ್ನು ಪ್ಲೇಯರ್‌ಗೆ ಕೊಡುವುದು. ರೀಡರ್‌ನಿಂದ ಬರುವುದು ಎಷ್ಟಾದರೂ ಒಂದು ಸಿಗ್ನಲ್ ತಾನೇ? ಪ್ರಿಂಟ್ ಓಡುವಾಗ ಅದನ್ನು ರೆಕಾರ್ಡ್ ಮಾಡಿಟ್ಟುಕೊಂಡಿದ್ದರೆ, ಆಮೇಲೆ ಲ್ಯಾಪ್‌ಟಾಪ್‌ನಿಂದ ನುಡಿಸಿ ರೀಡರ್ ಜಾಗಕ್ಕೆ ಕೊಡಬಹುದು. ಸ್ಪೀಕರಿಗೆ ಹಾಕಿದರೆ ಹಳೇ ಫ್ಯಾಕ್ಸ್ ಮೆಷಿನ್ ಥರ ಗರ್ ಅನ್ನುತ್ತದೆ. ವೇವ್ ಆಗಿಯೇ ಇಡಬೇಕು, ಎಂಪಿ3 ಮಾಡಿದರೆ ಅಲೆಯ ಅಂಚುಗಳು ಮೊಂಡಾಗುತ್ತವೆ. ಲೆವೆಲ್ ಹೊಂದಿಸಲು ನಡುವೆ ಒಂದು ಪಾಟ್ (ವಾಲ್ಯೂಮ್ ತಿರುಪಿನಂಥದ್ದು) ಹಾಕಿದೆ. ಕೋಡ್ ಸಿಕ್ಕ ಕೂಡಲೇ ಪ್ಲೇಯರ್ ಡಿಸ್ಕ್ ಹುಡುಕಿ ಧ್ವನಿ ಬಿಟ್ಟಿತು. ಥಿಯೇಟರ್‌ನಲ್ಲಿ ಆಗುವುದೇ ಇದು, ಹಾಗಾಗಿ ಈ ಪರೀಕ್ಷೆಯಲ್ಲಿ ಪಾಸಾದ ಡಿಸ್ಕನ್ನು ನಂಬಬಹುದು.

ಆದರೆ ಒಂದು ಕೊಕ್ಕೆ. ಕೋಡ್‌ನಲ್ಲಿ ಆ ಸಿನಿಮಾದ ಸೀರಿಯಲ್ ನಂಬರ್ ಇರುತ್ತದೆ. ಒಂದು ಸಿನಿಮಾದ ರೆಕಾರ್ಡಿಂಗ್ ಇಟ್ಟುಕೊಂಡು ಇನ್ನೊಂದರ ಡಿಸ್ಕ್ ಓಡಿಸಲು ಪ್ಲೇಯರ್ ಒಪ್ಪುವುದಿಲ್ಲ. ಪ್ರಿಂಟೇ ಇಲ್ಲದ ಡಿಸ್ಕ್‌ಗೆ ರೆಕಾರ್ಡಿಂಗ್ ಎಲ್ಲಿಂದ ತರುವುದು? ಅಲ್ಲಿ ಗೆದ್ದಿದ್ದು ಗೆಳೆಯರೊಬ್ಬರು ಚಿಕ್ಕ ಮೈಕ್ರೋಕಂಟ್ರೋಲರ್ ಬೋರ್ಡ್‌ನಲ್ಲಿ ಮಾಡಿಕೊಟ್ಟ ಕೋಡ್ ಜನರೇಟರ್. ಸೀರಿಯಲ್ ನಂಬರ್, ರೀಲು, ಎಲ್ಲಿಂದ ಶುರು ಅಂತ ಕೊಟ್ಟರೆ ಸಾಕು. ಗ್ರಾಫ್‌ನಲ್ಲಿ ಅನುಮಾನ ಇದ್ದ ಜಾಗಕ್ಕೆ ನೇರ ಹೋಗಬಹುದು, ಸುಮ್ನೆ 100 ನಿಮಿಷ ಕೂರಬೇಕಿಲ್ಲ. ರೆಕಾರ್ಡಿಂಗ್‌ನಲ್ಲಿರುವ ನೈಜತೆ ಇದರಲ್ಲಿಲ್ಲ. ಹಳೇ ಪ್ರಿಂಟಿನ ಗೀರು, ಜೋಡಣೆ, ಕೋಡ್ ತಪ್ಪುವುದು ಯಾವುದೂ ಇರುವುದಿಲ್ಲ. ಡಿಸ್ಕನ್ನಷ್ಟೇ ನೋಡಬೇಕಾದಾಗ ಅದೇ ಒಳ್ಳೆಯದು.

ಈಗ ನಾನು ಮಾಡುವುದು ಹೀಗೆ: ಬೆಳಕಿಗೆ ಹಿಡಿದು ನೋಡಿ, ವೇಗದ ಗ್ರಾಫ್ ಜೊತೆ ಕಾಪಿ ಮಾಡಿ, ಗ್ರಾಫ್ ಕುಸಿದ ಜಾಗಗಳನ್ನು ಮಾತ್ರ ಜನರೇಟರ್ ಇಟ್ಟು ಪ್ಲೇಯರ್‌ನಲ್ಲಿ ಕೇಳುತ್ತೇನೆ. ಕಂಪ್ಯೂಟರ್‌ನಲ್ಲಿ ಪಾಸಾಗಿ ಪ್ಲೇಯರ್‌ನಲ್ಲಿ ಫೇಲಾದ ಡಿಸ್ಕ್‌ಗೆ ಒಂದು ಉಪಾಯ ಇದೆ. ಆ ಕಾಪಿಯನ್ನು ಸಿಡಿ-ಆರ್‌ಗೆ ಕಡಿಮೆ ವೇಗದಲ್ಲಿ ಬರೆದು ಅದನ್ನೇ ಹಾಕಿ ನೋಡುವುದು. ಧ್ವನಿಯ ಹಕ್ಕು ನಿರ್ಮಾಪಕರದ್ದು, ಆ ಕಾಪಿ ಮನೆ ದಾಟಬಾರದು. ಸಿಡಿ-ಆರ್‌ಡಬ್ಲ್ಯು ಮಾತ್ರ ಬೇಡ. ಅದು ಬೆಳಕು ಹಿಂದಿರುಗಿಸುವುದು ತೀರಾ ಕಡಿಮೆ, ಹಳೇ ಡ್ರೈವ್‌ಗಳು ಅದನ್ನು ಡಿಸ್ಕ್ ಅಂತಲೇ ಗುರುತಿಸುವುದಿಲ್ಲ.